ನಮ್ಮ ಕಾರಿನ ಕೀರಲು ದನಿ

ಕಾರಿನಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಹೇಳಿದೆ. ನಮ್ಮನೆಯವರು ನಂಬಲಿಲ್ಲ.

ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಕೋಣೆಯ ಕಿಟಕಿ ಪೋರ್ಟಿಕೋಗೆ ತೆರೆಯುತ್ತದೆ. ಪೋರ್ಟಿಕೋದಲ್ಲಿ ಕಾರು. ಮಗಳು ಸ್ಕೂಲಿಗೆ ಹೋಗುವಾಗ ಕೊಂಡ ಪುಟ್ಟ ಕಾರು ಅದು. ಈಗ ಅವಳು ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ, ಕಾರು ಮಾತ್ರ ಇಲ್ಲೇ ಇದೆ. ದಿನಾ ಬೆಳಿಗ್ಗೆ ಇವರು ಅದನ್ನು ಸ್ಟಾರ್ಟ್ ಮಾಡುತ್ತಾರೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ. ಬ್ಯಾಟರಿ ಡೌನ್ ಆಗಬಾರದಂತೆ. ನಾನು ಒಳಗೆ ಕೂತು ಹೆಮ್ಮಿಂಗ್ ಹಾಕುತ್ತ ಆ ಸದ್ದನ್ನೆಲ್ಲ ಕೇಳಿಸಿಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ. ಹೀಗಾಗಿ ಒಂದು ದಿನ ಇಂಜಿನ್ನಿನ ಗುರುಗುರು ಸದ್ದಿನ ಮೇಲೆ ತೆಳ್ಳಗೆ, ಸೂಜಿಯ ಹಾಗೆ, ಕೀಂ ಎನ್ನುವ ಇನ್ನೊಂದು ದನಿ ಸೇರಿಕೊಂಡಾಗ ನನ್ನ ಕೈ ಅಲ್ಲೇ ನಿಂತಿತು.

"ರೀ, ಅದೇನದು ಕೀಂ ಅನ್ನುತ್ತೆ?" ಎಂದು ಕಿಟಕಿಯಿಂದ ಕೂಗಿದೆ.

ಮೂರನೇ ಸಲ ಕೂಗಿದ ಮೇಲೆ ತಿರುಗಿ ನೋಡಿದರು. ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು, ಹೊರಗೆ ತೆಗೆದರು. "ಏನೂ ಇಲ್ಲ. ಚೆನ್ನಾಗೇ ಓಡ್ತಾ ಇದೆ" ಎಂದು ಬಾನೆಟ್ ಮುಚ್ಚಿದರು.

ಇಲ್ಲಿ ಇವರ ಕಿವಿಯ ವಿಷಯ ಹೇಳಬೇಕು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳ ನಡುವೆ ದುಡಿದು ರಿಟೈರ್ ಆದವರು. ಮೆಕ್ಯಾನಿಕ್ ಅಲ್ಲ. ಆದರೆ ಯಂತ್ರದ ಸದ್ದು ಕೇಳಿ ಕಾಯಿಲೆ ಹೇಳುವುದು ಅವರಿಗೆ ಅಭ್ಯಾಸವಾಗಿತ್ತು. ಮೊಳದುದ್ದದ ಒಂದು ಸ್ಕ್ರೂ ಡ್ರೈವರ್ ಇಟ್ಟುಕೊಂಡಿದ್ದಾರೆ. ಅದರ ತುದಿಯನ್ನು ಓಡುವ ಇಂಜಿನ್ನಿನ ಮೇಲೆ ಅಲ್ಲಲ್ಲಿ ಊರಿ, ಮರದ ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟ ಹಾಗೆಯೇ. ನಮ್ಮ ರಸ್ತೆಯ ಜನ ಗ್ಯಾರೇಜಿಗೆ ಹೋಗುವ ಮೊದಲು ಗಾಡಿಯನ್ನು ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸಿ, "ಅಣ್ಣಾ, ಒಂಚೂರು ಕೇಳಿ" ಎನ್ನುತ್ತಿದ್ದರು. ಕೇಳಿದ ಮೇಲೆ ಇವರು ಹೇಳುತ್ತಿದ್ದದ್ದು ಸಾಮಾನ್ಯವಾಗಿ ಒಂದೇ ಮಾತು: ಮೊದಲು ಸುಲಭದ್ದು ನೋಡು, ಆಮೇಲೆ ಕಷ್ಟದ್ದು ಬಿಚ್ಚು.

ಹೀಗಿರುವ ಮನುಷ್ಯನಿಗೆ ಬ್ಲೌಸ್ ಹೊಲಿಯುವ ಹೆಂಡತಿ ಕಾರಿನ ಸದ್ದು ಹೇಳಿಕೊಡಲು ಹೋದರೆ ಹೇಗೆ? ಮರುದಿನವೂ ಕೀಂ ಎಂದಿತು. ಮರುದಿನವೂ ಹೇಳಿದೆ. "ನಿನ್ನ ಮಿಷನ್ನಿನ ಸದ್ದಿರಬೇಕು, ನೋಡ್ಕೋ ಹೋಗು" ಎಂದರು. ನನ್ನ ಮಿಷನ್ನು ಆಗ ನಿಂತಿತ್ತು.

ಮಹಡಿ ಮನೆಯಲ್ಲಿ ಹಾವೇರಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಆ ಹುಡುಗಿ ಒಣಗಿದ ಬಟ್ಟೆ ತೆಗೆದುಕೊಂಡು ಹೋಗುವಾಗ ತಾನಾಗಿಯೇ ಕೇಳಿದಳು: "ಆಂಟಿ, ಅಂಕಲ್ ಅವರ ಗಾಡಿ ಯಾಕ್ರೀ ಹಂಗ ಒದರಾಕತ್ತೇತಿ?" ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅವಳ ಮಾತನ್ನೂ ಇವರಿಗೆ ತಲುಪಿಸಿದೆ. ಇವರು ಪೇಪರ್ ಮಡಿಸಿಟ್ಟು ಎದ್ದು ಹೋದರು.

ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಕಾರಿನದಷ್ಟೇ ಆಗಿರಲಿಲ್ಲ. ಒಂದು ವರ್ಷದಿಂದ ಇವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಅಡುಗೆಮನೆಯಿಂದ ಏನು ಹೇಳಿದರೂ ಉತ್ತರವಿಲ್ಲ. ಪಕ್ಕದಲ್ಲಿ ಕೂತು ಹೇಳಿದರೆ ಒಂದು "ಹೂಂ". ಮಗಳ ಮನೆಯ ವಿಷಯ ಅಷ್ಟುದ್ದ ಹೇಳಿ ಮುಗಿಸಿದ ಮೇಲೆ "ಮಳೆ ಬರೋ ಹಾಗಿದೆ" ಎನ್ನುವರು. ಕೇಳಿಸಲಿಲ್ಲವಾದರೆ ಏನಂದೆ ಎಂದು ಕೇಳಬಹುದಲ್ಲ? ಅದೂ ಇಲ್ಲ. ಸುಂಕದಕಟ್ಟೆಗೆ ನೆಂಟರ ಗೃಹಪ್ರವೇಶಕ್ಕೆ ಹೋಗುವಾಗ ಹಿಂದಿನ ಬಸ್ಸಿನವನು ಹಾರ್ನ್ ಬಾರಿಸೀ ಬಾರಿಸೀ ಸುಸ್ತಾದ, ಇವರು ಪಕ್ಕಕ್ಕೆ ಸರಿಯಲಿಲ್ಲ. ನಾನು ತೋಳು ಅಲುಗಿಸಿದ ಮೇಲೆ ಸರಿದರು. ಅದನ್ನೂ ನಾನು ಹಟವೆಂದೇ ತಿಳಿದೆ. ಯಂತ್ರದ ಪಿಸುಮಾತು ಕೇಳುವ ಕಿವಿಗೆ ಹೆಂಡತಿಯ ಕೂಗು ಕೇಳುವುದಿಲ್ಲ ಎಂದರೆ ಅದು ಜಾಣಕಿವುಡಲ್ಲದೆ ಇನ್ನೇನು? ಈ ಮನುಷ್ಯನಿಗೆ ನಾನು ಬೇಡವಾಗಿದ್ದೇನೆ ಎಂದು ಮನಸ್ಸು ಮುರಿದಿತ್ತು. ಯಾರಿಗೂ ಹೇಳಿರಲಿಲ್ಲ. ನಾನೂ ಮಾತು ಕಡಿಮೆ ಮಾಡಿದ್ದೆ.

ಆದ್ದರಿಂದ ಆ ಭಾನುವಾರ ನಾನು ಕಾರಿನ ಮುಂದೆ ಹೋಗಿ ನಿಂತದ್ದು ಕಾರು ರಿಪೇರಿ ಮಾಡಲು ಅಲ್ಲ. ಆ ಸದ್ದು ಇದೆ ಎಂದು ತೋರಿಸಬೇಕಿತ್ತು. ಇದೆ ಎಂದು ಇವರು ಬಾಯಿ ಬಿಟ್ಟು ಒಪ್ಪಿಕೊಳ್ಳಬೇಕಿತ್ತು, ಅಷ್ಟೆ.

ಬಾನೆಟ್ ಎತ್ತಲು ನನಗೆ ಗೊತ್ತು. ಇಂಜಿನ್ನಿನ ಒಂದು ಪಕ್ಕದಲ್ಲಿ ರಬ್ಬರ್ ಬೆಲ್ಟೊಂದು ಮೂರು ಗಾಲಿಗಳನ್ನು ಸುತ್ತಿಕೊಂಡು ಓಡುತ್ತದೆ. ಕೆಳಗಿನದು ಇಂಜಿನ್ನಿನ ಗಾಲಿ, ಅದು ತಿರುಗಿಸುವ ಇನ್ನೆರಡರಲ್ಲಿ ಒಂದು ನೀರಿನ ಪಂಪಿನದು, ಇನ್ನೊಂದು ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನದು. ಇಷ್ಟನ್ನೂ ಇವರೇ ಎಂದೋ ಹೇಳಿದ್ದು. ನನ್ನ ಹೊಲಿಗೆ ಮಿಷನ್ನಿಗೂ ಬೆಲ್ಟಿದೆ. ಬೆಲ್ಟು ಕೂಗಿದರೆ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

"ಸ್ಟಾರ್ಟ್ ಮಾಡ್ರೀ" ಎಂದೆ, ಕೈಸನ್ನೆಯಲ್ಲೇ. ಕಾಫಿ ಲೋಟ ಕೆಳಗಿಟ್ಟು, ನಾನು ಏನು ಮಾಡಿಯೇನು ಎಂಬ ನಗುಮುಖದಲ್ಲಿ ಕೀಲಿ ತಿರುಗಿಸಿದರು. ಕೀಂ ಎಂದಿತು. ನಾನು ಚೊಂಬಿನಿಂದ ಓಡುವ ಬೆಲ್ಟಿನ ಮೇಲೆ ದೂರದಿಂದಲೇ ಒಂದಿಷ್ಟು ನೀರು ಚಿಮುಕಿಸಿದೆ. ಬೆಲ್ಟಿನ ಕೂಗಾಗಿದ್ದರೆ ನೀರು ಬಿದ್ದಾಗ ಒಂದೋ ನಿಲ್ಲಬೇಕು, ಇಲ್ಲವೇ ಜಾಸ್ತಿಯಾಗಬೇಕು. ಎರಡೂ ಆಗಲಿಲ್ಲ, ಕೀಂ ಎನ್ನುತ್ತಲೇ ಇತ್ತು. ಹಾಗಾದರೆ ಬೆಲ್ಟಲ್ಲ.

"ಇನ್ನು ಬೆಲ್ಟ್ ಬಿಚ್ಚಿ ನೋಡೋಣ" ಎಂದೆ.

"ಏನು?"

ಹತ್ತಿರ ಹೋಗಿ ಹೇಳಿದೆ. ಮಿಷನ್ನಿನಲ್ಲಿ ಸದ್ದು ಮೇಲಿನದೋ ಕೆಳಗಿನದೋ ತಿಳಿಯದಿದ್ದರೆ ನಾನು ಮೇಲಿನ ಗಾಲಿಯಿಂದ ಬೆಲ್ಟು ಜಾರಿಸಿ ಬರೀ ಪೆಡಲ್ ತುಳಿಯುತ್ತೇನೆ. ಸದ್ದು ಉಳಿದರೆ ಪೆಡಲಿನದು, ಹೋದರೆ ಮೇಲಿನದು. ಇದೂ ಹಾಗೆಯೇ ಅಲ್ಲವೇ? ಇವರು ನನ್ನ ಮುಖ ನೋಡಿದರು. ಆ ಯೋಚನೆ ಇಷ್ಟವಾಗಿರಬೇಕು, ಸುಮ್ಮನೆ ಎದ್ದು ಸ್ಪ್ಯಾನರ್ ತಂದು, ಬೋಲ್ಟ್ ಸಡಿಲಿಸಿ, ಬೆಲ್ಟು ಕಳಚಿಕೊಟ್ಟರು. ಬೆಲ್ಟಿಲ್ಲದೆ ಜಾಸ್ತಿ ಹೊತ್ತು ಓಡಿಸಬಾರದು, ಇಂಜಿನ್ ಕಾಯುತ್ತದೆ. ಸ್ವಲ್ಪವೇ ಓಡಿಸಿದರು. ಕೀಂ ಇಲ್ಲ! ಬರೀ ಗುರುಗುರು.

"ನೋಡಿದ್ರಾ? ಹೋಯ್ತು!" ಎಂದೆ.

"ಏನು ಹೋಯ್ತು? ಮುಂಚೆ ಹೆಂಗಿತ್ತೋ ಈಗ್ಲೂ ಹಂಗೇ ಇದೆಯಲ್ಲೇ."

ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಆ ಸ್ಕ್ರೂ ಡ್ರೈವರ್ ತಂದು ಇವರ ಕೈಗೆ ತುರುಕಿದೆ. "ನನ್ನ ಮಾತು ಬೇಡ. ಇದನ್ನ ಕಿವಿಗೆ ಇಟ್ಟು ನೀವೇ ಕೇಳಿ" ಎಂದೆ. ಬೆಲ್ಟು ಮತ್ತೆ ಹಾಕಿದರು. ನಾನು ಕೀಲಿ ತಿರುಗಿಸಿದೆ. ಇವರು ಬೆಲ್ಟಿನಿಂದ ಕೈ ದೂರವಿಟ್ಟುಕೊಂಡು ಮೊದಲು ನೀರಿನ ಪಂಪಿನ ಮೇಲೆ ತುದಿ ಊರಿದರು. ಮುಖದಲ್ಲಿ ಅದೇ ನಗು. ಆಮೇಲೆ ಆಲ್ಟರ್ನೇಟರಿನ ಮೈಮೇಲೆ ಊರಿದರು.

ನಗು ಹೋಯಿತು.

ಹಿಡಿಯನ್ನು ಮೂಳೆಯಿಂದ ತೆಗೆದರು. ಮತ್ತೆ ಇಟ್ಟರು. ತೆಗೆದರು. ಇನ್ನೊಂದು ಕಿವಿಯ ಕಡೆಗೆ ಇಟ್ಟು ನೋಡಿದರು, ಮತ್ತೆ ಮೊದಲಿನ ಕಡೆಗೇ ತಂದರು. ಹಿಡಿ ಒತ್ತಿದಾಗ ಹುಬ್ಬು ಮೇಲೇರುತ್ತಿತ್ತು, ತೆಗೆದಾಗ ಇಳಿಯುತ್ತಿತ್ತು. ನಾನು ಸ್ಟಿಯರಿಂಗ್ ಹಿಂದೆ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅಷ್ಟು ಜೋರಾಗಿ ಕೂಗುವ ಸದ್ದು ಈ ಮನುಷ್ಯನಿಗೆ ಆ ಕಬ್ಬಿಣದ ಕಡ್ಡಿಯ ಮೂಲಕ ಮಾತ್ರ ಕೇಳಿಸುತ್ತಿತ್ತು. ಗಾಳಿಯಲ್ಲಿ ಬಂದದ್ದು ಕೇಳಿಸುತ್ತಿರಲಿಲ್ಲ.

ಇಂಜಿನ್ ಆರಿಸಿದೆ. ಇವರು ಮೆಟ್ಟಿಲ ಮೇಲೆ ಕೂತರು. ಇವರು ಹೆದರಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ, ಅವತ್ತು ನೋಡಿದೆ.

"ಆಲ್ಟರ್ನೇಟರ್ ಬೇರಿಂಗು. ಒಣಗಿದೆ" ಎಂದರು ಕೊನೆಗೆ. "ನೀನು ಹೇಳಿದ್ದು ಸರಿ."

ಯಾವ ಮಾತಿಗಾಗಿ ನಾನು ವಾರವೆಲ್ಲ ಜಗಳವಾಡಿದ್ದೆನೋ ಆ ಮಾತು ಬಂತು. ನನಗೆ ಬೇಕಿರಲಿಲ್ಲ. ಪಕ್ಕದಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, "ಯಾವಾಗಿಂದ ಕೇಳಿಸ್ತಿಲ್ಲ?" ಎಂದೆ.

"ಪ್ರೆಸ್ ಶಾಪಲ್ಲಿ ಎಲ್ಲರಿಗೂ ಹೋಗುತ್ತೆ ಕಣೇ. ನನ್ನದು ಸ್ವಲ್ಪ ಲೇಟಾಗಿ ಹೋಯ್ತು. ಅದಕ್ಕೇನೂ ಮಾಡಕ್ಕಾಗಲ್ಲ" ಎಂದು ಸ್ಕ್ರೂ ಡ್ರೈವರನ್ನು ಬಟ್ಟೆಯಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ಕಡ್ಡಿ ಇಟ್ರೆ ಕೇಳಿಸುತ್ತಲ್ಲ?"

"ಕೇಳಿಸುತ್ತೆ."

"ಅಂದ್ರೆ ಒಳಗೆ ಕೆಟ್ಟಿಲ್ಲ. ದಾರೀಲಿ ಏನೋ ಅಡ್ಡ ಇದೆ. ಸುಲಭದ್ದು ಮೊದಲು ನೋಡು ಅಂತ ಊರಿಗೆಲ್ಲ ಹೇಳ್ತೀರಲ್ಲ, ನಿಮಗೆ ಯಾರು ಹೇಳಬೇಕು?"

ಮರುದಿನ ಆಟೋ ಹಿಡಿದು ರಾಜಾಜಿನಗರದ ಕಿವಿ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಬೆಳಕು ಬಿಟ್ಟು ಒಳಗೆ ನೋಡಿ, "ಅಯ್ಯೋ ಅಂಕಲ್, ಎರಡೂ ಕಡೆ ಬಿರಡೆ ಹಾಕಿದ ಹಾಗಿದೆ" ಎಂದರು. "ಕಿವಿಗೆ ಏನಾದ್ರೂ ಹಾಕ್ತೀರಾ?"

ಇವರು ನನ್ನ ಕಡೆ ನೋಡಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: "ಪ್ರತಿ ಶನಿವಾರ ತಲೆಗೆ ಎಣ್ಣೆ ಹಚ್ಚುವಾಗ ಕಿವಿಗೂ ಬಿಡ್ತೀನಿ. ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿ."

ನಮ್ಮತ್ತೆ ಹೋಗುವವರೆಗೆ ಅವರು ಬಿಡುತ್ತಿದ್ದರು, ಆಮೇಲೆ ನಾನು. ಕಿವಿಗೆ ಎಣ್ಣೆ ಬಿಟ್ಟರೆ ಕಣ್ಣಿಗೆ ತಂಪು, ತಲೆಗೆ ತಂಪು ಎಂದು ಕೇಳಿಕೊಂಡು ಬೆಳೆದವಳು ನಾನು. ಡಾಕ್ಟರಮ್ಮ ಬೈಯಲಿಲ್ಲ. ಕಾರ್ಖಾನೆಯ ಧೂಳು, ಕಿವಿಯ ಗುಗ್ಗೆ, ವಾರವಾರದ ಎಣ್ಣೆ, ಅದರ ಮೇಲೆ ತುರಿಸಿದಾಗಲೆಲ್ಲ ಇವರು ಕಾರಿನ ಕೀಲಿಯಿಂದ ಒಳಗೆ ದೂಡಿದ್ದು, ಎಲ್ಲ ಸೇರಿ ಗಟ್ಟಿಯಾಗಿದೆ ಎಂದರು. "ಎಣ್ಣೆ ಬಿಟ್ಟ ಮೇಲೆ ಕಿವಿ ಮುಚ್ಚಿದ ಹಾಗೆ ಆಗ್ತಿರಲಿಲ್ವಾ ಅಂಕಲ್?" ಎಂದು ಕೇಳಿದರು.

"ಆಗ್ತಿತ್ತು" ಎಂದರು ಇವರು, ಮೆಲ್ಲಗೆ.

ತೆಗೆದದ್ದನ್ನು ಟ್ರೇಯಲ್ಲಿ ತೋರಿಸಿದರು. ಕಪ್ಪಗೆ, ಹುಣಸೆಬೀಜದ ಹಾಗಿತ್ತು. ಎಡಗಿವಿಯಲ್ಲಿ ಒಂದಷ್ಟು ಹೋಗಿರುವುದು ಪ್ರೆಸ್ಸಿನ ಸದ್ದಿನಿಂದಲೇ, ಅದು ವಾಪಸ್ ಬರುವುದಿಲ್ಲ ಎಂದರು. ಬಲಗಿವಿ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ. ಇನ್ನು ಮೇಲೆ ಎಣ್ಣೆ ಬೇಡ, ಕೀಲಿ ಬೇಡ.

ವಾಪಸ್ ಬರುವಾಗ ಆಟೋದಲ್ಲಿ ಇವರು ಬಲಗಿವಿಗೆ ಕೈ ಅಡ್ಡ ಹಿಡಿದುಕೊಂಡೇ ಕೂತಿದ್ದರು. ಊರು ಇಷ್ಟು ಗಲಾಟೆ ಮಾಡುತ್ತದೆಂದು ಮರೆತಿದ್ದರಂತೆ. ಮನೆಗೆ ಬಂದು ನಾನು ಮಿಷನ್ ತುಳಿದರೆ, "ಏನೇ ಇದು, ಎಣ್ಣೆ ಕಾಣಿಸಿ ಎಷ್ಟು ದಿನ ಆಯ್ತು ಇದಕ್ಕೆ?" ಎಂದು ಕೋಣೆಗೇ ಬಂದರು. ಎಣ್ಣೆಯನ್ನೆಲ್ಲ ನಿಮ್ಮ ಕಿವಿಗೇ ಬಿಟ್ಟು ಖಾಲಿ ಮಾಡಿದೆ ಎಂದೆ. ಕೇಳಿಸಿತು. ನಕ್ಕರು. ಆ ವಾರದಲ್ಲಿ ಕಾರಿಗೆ ಹೊಸ ಬೇರಿಂಗ್ ಹಾಕಿಸಿದರು, ಕೀಂ ಎನ್ನುವುದು ನಿಂತಿತು.

ಶನಿವಾರ ಬಂತು. ನಾನು ಎಣ್ಣೆ ಕಾಯಿಸಲಿಲ್ಲ. ಬಟ್ಟೆ ಕತ್ತರಿಸುತ್ತಿದ್ದೆ. ಇವರು ಎಂದಿನಂತೆ ಹಳೇ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದು ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿ ಕೂತರು. ಸ್ವಲ್ಪ ಹೊತ್ತು ಕಾದರು.

"ಡಾಕ್ಟ್ರು ಬೇಡ ಅಂದಿದಾರಲ್ಲ" ಎಂದೆ ಒಳಗಿನಿಂದಲೇ.

"ಹೌದಲ್ಲ" ಎಂದರು. ಆದರೆ ಏಳಲಿಲ್ಲ.

ನಾನು ಕತ್ತರಿ ಇಟ್ಟು ಹತ್ತಿರ ಹೋದೆ. ಕೇಳಬೇಕೆಂದಿದ್ದ ಒಂದು ಪ್ರಶ್ನೆ ವಾರದಿಂದ ಹಾಗೇ ಉಳಿದಿತ್ತು. "ಎಣ್ಣೆ ಬಿಟ್ರೆ ಕಿವಿ ಮುಚ್ಚಿಕೊಳ್ಳುತ್ತೆ ಅಂತ ನಿಮಗೆ ಗೊತ್ತಿತ್ತು. ಆ ಡಾಕ್ಟರಮ್ಮಂಗೆ ಹೇಳಿದ್ರಿ. ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ."

"ನಿಲ್ಲಿಸಬೇಕಿತ್ತಲ್ಲ!"

ಟವೆಲಿನ ಅಂಚು ತಿರುವುತ್ತ, ಹಿತ್ತಿಲ ಕಡೆ ನೋಡುತ್ತ ಹೇಳಿದರು: "ನೀನು ಮಾತೂ ಕಮ್ಮಿ ಮಾಡಿದ್ದೆ. ವಾರಕ್ಕೊಂದ್ಸಲ ತಲೆ ಮುಟ್ತಿದ್ದೆ. ಅದನ್ನೂ ಬೇಡ ಅನ್ನಬೇಕಿತ್ತಾ?"

ನನಗೆ ಅಳು ಬಂತು. ಅದನ್ನು ತೋರಿಸಬಾರದೆಂದು ಅಡುಗೆಮನೆಗೆ ಹೋಗಿ ಎಣ್ಣೆ ಕಾಯಿಸಿದೆ, ಬೆಳ್ಳುಳ್ಳಿ ಇಲ್ಲದೆ. ಕಿವಿಗೆ ಹೋಗದಿರಲಿ ಎಂದು ಎರಡೂ ಕಡೆ ಹತ್ತಿ ಇಟ್ಟೆ. ಬೈತಲೆಯ ಜಾಗದಿಂದ ಶುರುಮಾಡಿ ನಿಧಾನವಾಗಿ ತಿಕ್ಕಿದೆ. ಹೇಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ, ಅವರ ನೆತ್ತಿಗೆ ಹೇಳುವಂತೆ, ನಿಮಗೆ ನಾನು ಬೇಡವಾದೆ ಅಂದುಕೊಂಡಿದ್ದೆ ಎಂದು ವರ್ಷದಿಂದ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದೆ.

ಇವರು ಬಲಗಿವಿಯ ಹತ್ತಿ ತೆಗೆದು, ಕತ್ತು ಹಿಂದಕ್ಕೆ ವಾಲಿಸಿ, "ಏನಂದೆ?" ಎಂದು ಕೇಳಿದರು.