ಐದನೇ ಭಾನುವಾರದ ಪ್ರಾರ್ಥನೆ

ನಮ್ಮ ಜಗಳೂರಿನ ಕ್ರೈಸ್ತ ಸಭೆಗೆ ಆಗ ಇದ್ದದ್ದು ಕಾಲು ಭಾಗ ಅಯ್ಯನವರು. ಆಳು ಪೂರ್ತಿಯೇ ಇದ್ದರು, ಎತ್ತರವಾಗಿಯೂ ಇದ್ದರು. ಆದರೆ ನಾಲ್ಕು ಊರಿನ ಸಭೆಗೆ ಅವರೊಬ್ಬರೇ ಪಾಲಕರು. ಮೊದಲ ಭಾನುವಾರ ಚನ್ನಗಿರಿ, ಎರಡನೆಯದು ಹೊನ್ನಾಳಿ, ಮೂರನೆಯದು ನ್ಯಾಮತಿ, ನಾಲ್ಕನೆಯದು ನಾವು. ಚನ್ನಗಿರಿಯಲ್ಲಿ ಹಸಿಹಸಿಯಾಗಿ ಹೇಳಿದ ಪ್ರಸಂಗ ಮೂರು ಊರಿನ ಬಸ್ಸು ಹತ್ತಿ ಇಳಿದು ನಮ್ಮ ಹತ್ತಿರ ಬರುವ ಹೊತ್ತಿಗೆ ಒಳ್ಳೇ ಹದಕ್ಕೆ ಬಂದಿರುತ್ತಿತ್ತು. ಅದಕ್ಕೇ ಆತ್ಮಿಕ ವಿಷಯದಲ್ಲಿ ಉಳಿದ ಮೂರು ಊರಿಗಿಂತ ಜಗಳೂರು ಒಂದು ಕೈ ಮೇಲೆ ಎಂಬುದು ನನ್ನ ಅಭಿಪ್ರಾಯ. ಹೊನ್ನಾಳಿಯವರು ಇದನ್ನು ಒಪ್ಪುವುದಿಲ್ಲ. ಅವರಿಗೆ ತುಂಗಭದ್ರೆಯ ನೀರಿದೆ, ಒಪ್ಪದಿದ್ದರೂ ನಡೆಯುತ್ತದೆ.

ತಿಂಗಳಲ್ಲಿ ಐದು ಭಾನುವಾರ ಬಿದ್ದಾಗ ಮಾತ್ರ ತೊಂದರೆ. ಐದನೆಯದು ಯಾವ ಊರಿನ ಪಾಲೂ ಅಲ್ಲ. ಅಯ್ಯನವರು ಆ ದಿನ ದಾವಣಗೆರೆಯ ಮನೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದರು. ಅವರದೇ ಏರ್ಪಾಡಿನಂತೆ, ಅವತ್ತು ಸಭೆಯ ಬೆಳೆದ ವಿಶ್ವಾಸಿಗಳು ಹಳ್ಳಿಗೆ ಹೋಗಿ ಸುವಾರ್ತೆ ಹೇಳಬೇಕು. ಎಳೆಯ ವಿಶ್ವಾಸಿಗಳು ಜೊತೆಗೆ ಹೋಗಿ ಹಾಡಬೇಕು.

ಬೆಳೆದವರು ಯಾರು, ಎಳೆಯರು ಯಾರು? ಇದು ಸುಲಭದ ಪ್ರಶ್ನೆಯಲ್ಲ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸದ ಕರಣಿ ಹಿಡಿದವನು. ಗೋಡೆಯ ಗಿಲಾವು ಕೂತಿದೆಯೋ ಟೊಳ್ಳಾಗಿದೆಯೋ ಎಂದು ಬೆರಳಿನ ಗೆಣ್ಣಿನಿಂದ ತಟ್ಟಿ ಹೇಳಬಲ್ಲೆ. ನಾನು ಗಿಲಾವು ಮಾಡಿದ ಒಂದು ಗೋಡೆ ಬಿರಿದದ್ದನ್ನು ತಾಲ್ಲೂಕಿನಲ್ಲಿ ಯಾರಾದರೂ ತೋರಿಸಲಿ. ಆದರೆ ವಿಶ್ವಾಸಿಯನ್ನು ಹಾಗೆ ತಟ್ಟಿ ನೋಡಲಾಗುವುದಿಲ್ಲ, ಜಗಳಕ್ಕೆ ಬರುತ್ತಾರೆ. ಆದ್ದರಿಂದ ನಮ್ಮ ಸಭೆಯಲ್ಲಿ ಪ್ರಾರ್ಥನೆಯ ಉದ್ದ ನೋಡುತ್ತಿದ್ದರು. ಆ ಲೆಕ್ಕದಲ್ಲಿ ನನ್ನ ಸಮಕ್ಕೆ ಯಾರೂ ಇರಲಿಲ್ಲ. ನನ್ನ ಪ್ರಾರ್ಥನೆ ಲೋಕದ ಸೃಷ್ಟಿಯಿಂದ ಹೊರಡುತ್ತದೆ. ಜಲಪ್ರಳಯ ದಾಟಿ, ಅರಣ್ಯದಲ್ಲಿ ಅಲೆದು, ಜಗಳೂರಿಗೆ ಬಂದು ಮುಟ್ಟಲು ಸ್ವಲ್ಪ ಹೊತ್ತು ಬೇಕೇ ಬೇಕು.

ನನ್ನ ಹೆಂಡತಿ ಶಾಂತಮ್ಮ ಮಾತ್ರ ಸಭೆಯ ಅತಿ ಎಳೆಯ ವಿಶ್ವಾಸಿ. ಅವಳ ಸರದಿ ಬಂದರೆ, "ಕರ್ತನೇ, ನಿನಗೆ ಎಲ್ಲಾ ಗೊತ್ತೈತೆ, ಆಮೆನ್" ಎಂದು ಕೂತುಬಿಡುತ್ತಿದ್ದಳು. ಅಯ್ಯನವರಿಗೆ ಕೆಮ್ಮಿಕೊಳ್ಳಲೂ ಬಿಡುವು ಸಿಗುತ್ತಿರಲಿಲ್ಲ. "ಇನ್ನೊಂದೆರಡು ಮಾತು ಸೇರಿಸಬಾರದೇನೇ?" ಎಂದರೆ, "ಗೊತ್ತಿರೋರಿಗೆ ಏನಂತ ಹೇಳಾದು?" ಎನ್ನುತ್ತಿದ್ದಳು. ಎಳೆತನ ಎಂದರೆ ಇದೇ ಎಂದುಕೊಳ್ಳುತ್ತಿದ್ದೆ.

ನಾವು ಹೋಗುತ್ತಿದ್ದದ್ದು ಬಿಳಿಚೋಡಿಗೆ. ನಮ್ಮ ಸಭೆಯ ಯೋಹಾನ ಶೇಂಗಾ ಹೊರುವ ಮೆಟಡೋರ್ ಓಡಿಸುತ್ತಿದ್ದ; ಭಾನುವಾರ ಸಾಹುಕಾರರು ಅದನ್ನು ಅವನ ಕೈಗೆ ಬಿಡುತ್ತಿದ್ದರು. ಹಾರ್ಮೋನಿಯಂ, ದಮ್ಮಡಿ, ನಾವು, ಎಲ್ಲವೂ ಶೇಂಗಾ ಸಿಪ್ಪೆಯ ಮೇಲೆ ಕೂತು ಹೋಗುತ್ತಿದ್ದೆವು. ಅಲ್ಲಿ ಬಸಪ್ಪನವರು ಎಂಬ ರೈತರ ಮನೆಯ ಮುಂದಿನ ಕಟ್ಟೆಯೇ ನಮ್ಮ ವೇದಿಕೆ. ಒಳ್ಳೇ ಮನುಷ್ಯರು. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, "ಖರೇ ಐತೆ ಮೇಸ್ತ್ರಿ, ನೀವು ಹೇಳಿದ್ದು ನೂರಕ್ಕೆ ನೂರು ಖರೇ. ಮಂಡಕ್ಕಿ ತಗಳ್ರಿ" ಎನ್ನುತ್ತಿದ್ದರು. ಎದುರು ವಾದ ಹಾಕುವವರನ್ನು ಗೆಲ್ಲಬಹುದು. ಎಲ್ಲದಕ್ಕೂ ಒಪ್ಪಿಕೊಂಡು ಮಂಡಕ್ಕಿ ಕೊಡುವವರನ್ನು ಏನು ಮಾಡುವುದು? ಅದೂ ಅಲ್ಲದೆ ಅವರ ಉಪಚಾರವೆಲ್ಲ ಕಟ್ಟೆಯ ಮೇಲೇ. ಒಳಗೆ ಬರ್ರಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಆ ಮನೆಯ ಹೊರಗೋಡೆಗೆ ಗಿಲಾವು ಮಾಡಿದವನು ನಾನೇ. ಒಳಗೋಡೆಗೆ ಬೇರೆಯವರನ್ನು ಕರೆಸಿದ್ದರು.

ಒಂದು ಐದನೇ ಭಾನುವಾರ ನಾವು ಮೆಟಡೋರ್ ಇಳಿಯುವಾಗ ಬಸಪ್ಪನವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಮೇಸ್ತ್ರಿ, ಸೊಸೆಗೆ ಬೆಳಗಿನಿಂದ ನೋವು. ಕೂಸು ಅಡ್ಡ ತಿರುಗೈತಂತೆ. ನನ್ನ ಕೈಲಿ ಆಗಲ್ಲ ಅಂತ ಸೂಲಗಿತ್ತಿ ಕೈ ಚೆಲ್ಲಿ ಕೂತಾಳೆ. ಬಸ್ಸು ನೋಡಿದ್ರೆ ಸಂಜಿಗೆ. ನೀವು ದೇವರ ಮಂದಿ, ಒಂದ್ಮಾತು ಕೇಳ್ಕಳ್ರಿ."

ಎರಡು ಜೀವದ ಪ್ರಶ್ನೆ. ಬೆಳೆದ ವಿಶ್ವಾಸಿಯ ಹೊಣೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಆಮೆನ್ ಹೇಳುವ ತನಕ ಯಾರೂ ಕಣ್ಣು ಬಿಡಬಾರದು, ಇದು ನಮ್ಮ ಸಭೆಯ ಕಟ್ಟುನಿಟ್ಟು. ನಾನೂ ಕಣ್ಣು ಮುಚ್ಚಿ, ಕೈ ಎತ್ತಿ, ಸೃಷ್ಟಿಯಿಂದ ಹೊರಟೆ.

ಜಲಪ್ರಳಯದ ಹತ್ತಿರ ಬಂದಾಗ ಯಾರೋ ನನ್ನ ಅಂಗಿ ಜಗ್ಗಿದ ಹಾಗಾಯಿತು. ಲಕ್ಷ್ಯ ಕೊಡಲಿಲ್ಲ. ಅರಣ್ಯದಲ್ಲಿದ್ದಾಗ ಒಂದು ಇಂಜಿನ್ನು ಗುರ್ ಎಂದಿತು. ಪ್ರಾರ್ಥನೆ ಕೆಡಿಸಲು ಸೈತಾನನು ಬಗೆಬಗೆಯ ಸದ್ದು ಮಾಡುತ್ತಾನೆಂದು ಅಯ್ಯನವರು ಹೇಳಿದ್ದು ನೆನಪಿತ್ತು. ನಾನು ದನಿ ಏರಿಸಿದೆ. ಸೈತಾನ ಸೋತು ದೂರ ದೂರ ಹೋದದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಆಮೆನ್ ಎಂದು ಕಣ್ಣು ಬಿಟ್ಟರೆ ಕಟ್ಟೆಯ ಮೇಲೆ ನಾನು, ಹಾರ್ಮೋನಿಯಂ ಮತ್ತು ಬಸಪ್ಪನವರ ಮುದಿ ತಾಯಿ.

"ಮುಗೀತೇನಪ್ಪಾ?" ಎಂದಿತು ಅಜ್ಜಿ.

"ಎಲ್ಲಾರೂ ಎಲ್ಲಿ ಅಜ್ಜಿ?"

"ಆಗ್ಲೇ ಹೋದ್ರಲ್ಲೋ! ನಿನ್ನ ಹೇಣ್ತಿ ಸೀದಾ ಒಳಗೆ ಬಂದು ಹುಡುಗೀನ ಎಬ್ಬಿಸಿ ಗಾಡಿಗೆ ಹಾಕ್ಕೊಂಡು ಜಗಳೂರು ಆಸ್ಪತ್ರೆಗೆ ಹೋದ್ಲು. ನಿನ್ನೂ ಕರೆದ್ಲು, ನೀನು ಇಲ್ಲಿ ಇರಲೇ ಇಲ್ಲ. ಸೂಲಗಿತ್ತಿ, ಬಸಪ್ಪ, ನಿಮ್ಮ ಹಾಡೋ ಮಂದಿ, ಎಲ್ಲಾ ಹತ್ಕಂಡ್ರು. ನಾನೊಬ್ಬಾಕಿ ಉಳಕಂಡೆ. ಅರ್ಧಕ್ಕೆ ಎದ್ದು ಹೋದ್ರೆ ನಿನಗೆ ಬೇಜಾರಾಗುತ್ತೆ ಅಂತ."

ನಾನು ಕೂತೆ. ಅಜ್ಜಿ ಮಂಡಕ್ಕಿ ತಂದಿಟ್ಟಿತು. ದಾರಿಯಲ್ಲೇ ಏನಾದರೂ ಆದರೆ? ಆ ಹುಡುಗಿ ಹೋದರೆ, ಕೂಸು ಹೋದರೆ, ಊರೆಲ್ಲ ಬೆರಳು ತೋರಿಸುವುದು ಶಾಂತಮ್ಮನ ಕಡೆಗೆ. ಮತ್ತೆ ಪ್ರಾರ್ಥನೆ ಮಾಡೋಣವೆಂದರೆ ಹೇಳುವುದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದೆ. ನಾನೂ ಅಜ್ಜಿಯೂ ದಾರಿ ನೋಡುತ್ತಾ ಕೂತೆವು.

ಹೊತ್ತು ಇಳಿಯುವಾಗ ಯೋಹಾನ ಮೆಟಡೋರ್ ತಂದು ನಿಲ್ಲಿಸಿ, ಇಳಿಯುವ ಮೊದಲೇ ಕೂಗಿದ: "ಹೆಣ್ಣು ಕೂಸು ಅಜ್ಜಿ! ಇಬ್ಬರೂ ಚೆಂದಾಗಿದಾರೆ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಪ್ರಾರ್ಥನೆ ಭಾರೀ ಗಟ್ಟಿ ಐತಪ್ಪಾ" ಎಂದಿತು. ನಾನು ಅಲ್ಲ ಎನ್ನಲಿಲ್ಲ. ಈಗಲೂ ಅನ್ನುವುದಿಲ್ಲ. ಆ ಪ್ರಾರ್ಥನೆ ಒಳ್ಳೆಯ ಪ್ರಾರ್ಥನೆಯೇ.

ಮನೆಗೆ ಬಂದ ಮೇಲೆ ಶಾಂತಮ್ಮನಿಗೆ ಹೇಳಿದೆ, "ಪ್ರಾರ್ಥನೆ ಮಧ್ಯೆ ಕಣ್ಣು ಬಿಟ್ಟೆಯಲ್ಲೇ."

"ನಾನೂ ಮಾಡ್ದೆ ಪ್ರಾರ್ಥನೆ."

"ಯಾವಾಗ?"

"ಗುಂಡಿ ಬಂದಾಗಲೆಲ್ಲ. ಬಿಳಿಚೋಡು ರಸ್ತೆ ಹೆಂಗೈತೆ ಗೊತ್ತಲ್ರೀ. ಲೆಕ್ಕ ಹಾಕಿದ್ರೆ ನಿಮಗಿಂತ ನಂದೇ ಉದ್ದ ಆಗುತ್ತೆ."

ಮುಂದಿನ ಸರದಿಗೆ ಬಂದ ಅಯ್ಯನವರು ಸುದ್ದಿ ಕೇಳಿ ಬಹಳ ಸಂತೋಷಪಟ್ಟು, ಶಾಂತಮ್ಮ ಎದ್ದು ಸಾಕ್ಷಿ ಹೇಳಬೇಕು ಎಂದರು. ಅವಳು ಎದ್ದು, "ಗಾಡಿ ಇತ್ತು, ಹೋದ್ವಿ" ಎಂದು ಕೂತಳು. ಇಷ್ಟರಲ್ಲಿ ಆತ್ಮಿಕ ಬೆಳವಣಿಗೆಯ ಅಂಶ ಯಾವುದು ಎಂದು ಅವರು ಬೈಬಲ್ಲಿನ ಹಾಳೆ ತಿರುವಿ ಹುಡುಕಿದರು. ಚನ್ನಗಿರಿಗೆ ಹೋಗುವಷ್ಟರಲ್ಲಿ ಸಿಕ್ಕಿರಬೇಕು. ಅಲ್ಲಿ ಅದರ ಮೇಲೆ ಮುಕ್ಕಾಲು ಗಂಟೆ ಹೇಳಿದರಂತೆ.

ಬಸಪ್ಪನವರ ಮನೆಯವರು ಸಭೆ ಸೇರಿದರೇ ಎಂದು ನೀವು ಕೇಳಬಹುದು. ಇಲ್ಲ. ಅವರು ಅವರ ದೇವರ ಜೊತೆಗೇ ಇದ್ದಾರೆ, ಸುಖವಾಗಿದ್ದಾರೆ. ಆದರೆ ಮುಂದಿನ ಐದನೇ ಭಾನುವಾರ ನಾವು ಹೋದಾಗ ಬಸಪ್ಪನವರು ಕಟ್ಟೆಯ ಮೇಲೆ ಎಂದಿನಂತೆ ಕಂಬಳಿ ಹಾಸಿರಲಿಲ್ಲ. ಬಾಗಿಲಲ್ಲಿ ನಿಂತು, "ಒಳಗೆ ಬರ್ರಿ" ಎಂದರು. ಶಾಂತಮ್ಮ ತವರಿಗೆ ಬಂದವಳ ಹಾಗೆ ಸರಕ್ಕನೆ ಒಳಗೆ ಹೋದಳು. ನಾನು ಚಪ್ಪಲಿ ಬಿಡಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಒಳಗೋಡೆಯ ಗಿಲಾವು ನೋಡಿದೆ. ಸಾಧಾರಣ.

"ಮೇಸ್ತ್ರಿ, ಪ್ರಾರ್ಥನೆ ಮಾಡ್ರಿ, ನಾವು ಬ್ಯಾಡ ಅನ್ನಲ್ಲ" ಎಂದರು ಬಸಪ್ಪನವರು. "ಮೊದಲು ಇದನ್ನ ಒಂದೀಟು ಹಿಡ್ಕಳ್ರಿ."

ಕೂಸನ್ನು ತಂದು ನನ್ನ ಕೈಗೆ ಇಟ್ಟೇಬಿಟ್ಟರು. ಕೈ ಎತ್ತೋಣವೆಂದರೆ ಎರಡೂ ಕೈ ಅದರ ಕೆಳಗೇ ಇವೆ. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದಾರೆ. ನಾನು ಸೃಷ್ಟಿಯಿಂದಲೇ ಹೊರಡಬೇಕೆಂದಿದ್ದೆ. ಆದರೆ ಕೂಸು ನನ್ನನ್ನೇ ನೋಡುತ್ತಾ ಕಾಲು ಝಾಡಿಸುತ್ತಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿದರೂ ಎಲ್ಲಿ ಜಾರಿಬಿಡುತ್ತದೋ ಎಂಬ ಹೆದರಿಕೆ. ಅದನ್ನೇ ನೋಡುತ್ತಾ, ಇದನ್ನು ಕಾಪಾಡಪ್ಪಾ ಎಂದೆ. ಅಷ್ಟರಲ್ಲಿ ನನ್ನ ಬಿಳಿ ಅಂಗಿ ಬೆಚ್ಚಗೆ ಒದ್ದೆಯಾಯಿತು. ನಾನು ಆಮೆನ್ ಎಂದೆ.