ಮಗ್ಗದ ಮಾತಿನವಳು ಹಾಡು ಕೇಳಲು ಹೋದದ್ದು

ಗಿರಣಿಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಬಾಯಿಗೆ ಬಿಡುವಿಲ್ಲದವಳು ಅಂತ. ಆದರೆ ಆ ಗಿಣಿಯ ದನಿ ಹೇಗಿದೆ ಎಂದು ಕೇಳಿದ್ದರೆ ಜೊತೆಯ ಹೆಂಗಸರಲ್ಲಿ ಅರ್ಧ ಜನ ತಡಬಡಾಯಿಸುತ್ತಿದ್ದರು. ಮಗ್ಗಗಳ ಶೆಡ್ಡಿನೊಳಗೆ ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಅಲ್ಲಿ ಮಾತೆಲ್ಲ ತುಟಿಯಲ್ಲೇ. ದನಿ ಹಾಕದೆ, ಬಾಯಿ ಅಗಲಿಸಿ, ಒಂದೊಂದು ಅಕ್ಷರವನ್ನೂ ಜಗಿದು ಜಗಿದು ಆಡಬೇಕು. ಈ ತುದಿಯವಳ ನಾದಿನಿಯ ಜಗಳ ಆ ತುದಿಯವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ತಲುಪುತ್ತಿತ್ತು. ಮೇಸ್ತ್ರಿ ಬೆನ್ನು ತಿರುಗಿಸಿದರೆ ಸಾಕು, ಅವನ ಹೊಟ್ಟೆಯ ಬಗ್ಗೆ ಇಡೀ ಸಾಲು ಮಾತಾಡಿ ಮುಗಿಸಿ, ಅವನು ಇತ್ತ ತಿರುಗುವಷ್ಟರಲ್ಲಿ ನೂಲಿನ ಮೇಲೆ ಕಣ್ಣಿಟ್ಟು ನಿಂತಿರುತ್ತಿತ್ತು.

ಅವಳು ಕೆಲಸಕ್ಕೆ ಸೇರಿದಾಗ ಇನ್ನೂ ಹುಡುಗಿ. ಆ ಕಾಲದಲ್ಲೇ ನಾಲ್ಕು ಹುಡುಗರ ಹಾಡಿನ ತಂಡವೊಂದು ಹುಚ್ಚೆಬ್ಬಿಸಿದ್ದು. ಬಿಗಿ ಪ್ಯಾಂಟು, ಹಣೆ ಮುಚ್ಚುವ ಕೂದಲು, ರೇಡಿಯೋ ಹಾಕಿದರೆ ಅವರೇ. ಹಾಡುವವನಿಗೆ ಹುಡುಗಿಯರು ಗುಂಗುರು ಎಂದು ಹೆಸರಿಟ್ಟಿದ್ದರು. ಬ್ಯಾಸ್ ಗಿಟಾರಿನ ಉದ್ದನೆಯವನು ಏಣಿ. ಗಿಣಿಯ ಪಕ್ಕದ ಮಗ್ಗದವಳು ಏಣಿಯನ್ನೇ ಮದುವೆಯಾಗುತ್ತೇನೆ ಎಂದು ಕೂತಿದ್ದಳು, ಕೊನೆಗೆ ಆದದ್ದು ಮೊಣಕೈಯೆತ್ತರದ ಬಸ್ ಕಂಡಕ್ಟರನ್ನು. ಆ ದಿನಗಳಲ್ಲಿ ಒಬ್ಬಳು ಒಂದು ಸಾಲು ಎತ್ತಿಕೊಂಡರೆ ಶೆಡ್ಡಿನ ಅಷ್ಟೂ ಹುಡುಗಿಯರು ಮಗ್ಗ ನಡೆಸುತ್ತಲೇ ಹಾಡು ಮುಗಿಸುತ್ತಿದ್ದರು, ಒಂದು ಚೂರು ಸದ್ದಿಲ್ಲದೆ, ಬರೀ ತುಟಿಯಲ್ಲಿ. ತಂಡ ಊರಿಗೆ ಬಂದಾಗ ಗಿಣಿಗೆ ರಜೆ ಸಿಗಲಿಲ್ಲ. ಎರಡು ವರ್ಷದೊಳಗೆ ಆ ನಾಲ್ವರೂ ಕಿತ್ತಾಡಿಕೊಂಡು ದಿಕ್ಕಿಗೊಬ್ಬರಾದರು.

ಗಿರಣಿ ಮುಚ್ಚುವ ಹೊತ್ತಿಗೆ ಅವಳ ಕಿವಿ ಮುಕ್ಕಾಲು ಹೋಗಿತ್ತು. ಗಂಡ ಅದಕ್ಕೂ ಮೊದಲೇ ಹೋಗಿದ್ದ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಓದಿ, ಕೆಲಸ ಹಿಡಿದು, ಮದುವೆಯಾಗಿ ಊರಿನ ಇನ್ನೊಂದು ತುದಿಯ ಎತ್ತರದ ಕಟ್ಟಡದಲ್ಲಿದ್ದಳು. ಗಿಣಿ ಮಾತ್ರ ಗಿರಣಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಉಳಿದಳು. ಒಂದು ಮಂಚ, ಒಲೆ, ಬೀದಿಗೆ ತೆರೆಯುವ ಕಿಟಕಿ. ಎದುರುಮನೆಯ ಕಿಟಕಿಯಲ್ಲಿ ಅದೇ ಕಂಡಕ್ಟರನ ಹೆಂಡತಿ. ಮುದುಕಿಯರಿಬ್ಬರೂ ಬೆಳಿಗ್ಗೆ ಕಾಫಿ ಹಿಡಿದು, ಬೀದಿಯ ಈಚೆಯಿಂದ ಆಚೆಗೆ ಬರೀ ತುಟಿಯಲ್ಲಿ ಊರ ಸುದ್ದಿ ಹಂಚಿಕೊಳ್ಳುತ್ತಿದ್ದರು. ಕೆಳಗೆ ನಡೆದು ಹೋಗುವವರ ಅಂಗಿ, ನಡಿಗೆ, ಬೋಳುತಲೆ ಎಲ್ಲದರ ಬಗ್ಗೆಯೂ ಅವರದೊಂದು ತೀರ್ಪು ಇರುತ್ತಿತ್ತು. ಕೇಳಿಸಿಕೊಂಡವರು ಯಾರೂ ಇಲ್ಲ.

ಇಷ್ಟು ವರ್ಷದ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ತರಕಾರಿಯವನ ಹತ್ತಿರ, ಬಸ್ಸಿನಲ್ಲಿ ಗಿಣಿಗೆ ದನಿ ಬರುತ್ತಿತ್ತು. ಆದರೆ ಭಾರದ ಮಾತು, ಜಗಳವೋ ದುಃಖವೋ ಗುಟ್ಟೋ ಬಾಯಿಗೆ ಬಂದರೆ ದನಿ ತಾನಾಗಿ ಆರಿಹೋಗುತ್ತಿತ್ತು. ಅಂಥ ಮಾತನ್ನೆಲ್ಲ ಅವಳು ಶೆಡ್ಡಿನಲ್ಲೇ ಆಡಿ ಬೆಳೆದವಳು. ಗಂಡ ಸತ್ತ ಸುದ್ದಿಯನ್ನು ಮಗಳಿಗೆ ಹೇಳಿದ್ದೂ ಹಾಗೇ, ಶಾಲೆಯ ಗೇಟಿನಾಚೆ ನಿಂತು, ತುಟಿಯಲ್ಲೇ. ಹುಡುಗಿ ಅದನ್ನು ತುಟಿಯಿಂದಲೇ ಓದಿಕೊಂಡಿದ್ದಳು. ನೆಂಟರೆದುರು ಅಮ್ಮ ತುಟಿಯಲ್ಲಿ ಬೈದದ್ದನ್ನು ಓದಿ ಓದಿ ಅವಳಿಗೂ ಅದು ಬಂದುಬಿಟ್ಟಿತ್ತು.

ಈಗ ಆ ಮಗಳಿಗೆ ಒಂಬತ್ತು ತಿಂಗಳ ಮಗು. ಹೆತ್ತ ಮೇಲೆ ಅವಳಿಗೆ ನಿದ್ದೆ ಎಂಬುದು ಮರೆತೇಹೋಗಿತ್ತು. ಮಗು ಅತ್ತರೆ ಏನಾಯಿತೋ ಎಂದು ಏಳುವಳು, ಅಳದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಏಳುವಳು. ನೋಡಿಕೊಳ್ಳಲು ಇಟ್ಟ ಹೆಂಗಸು ಮಗುವನ್ನು ಮಲಗಿಸಿಯೇ ಬಾಟಲಿ ಬಾಯಿಗಿಟ್ಟಳು, ಹಾಲು ನೆತ್ತಿಗೇರಿ ಮಗು ನೀಲಿಗಟ್ಟಿತು. ಆ ಸಂಜೆಯೇ ಅವಳನ್ನು ಕೆಲಸದಿಂದ ಬಿಡಿಸಿದರು. ಅಲ್ಲಿಂದಾಚೆ ಮಗಳು ಯಾರನ್ನೂ ನಂಬಲಿಲ್ಲ. ಇತ್ತ ಆಫೀಸಿನ ರಜೆ ತೀರುತ್ತಾ ಬಂದಿತ್ತು.

ಒಂದು ದಿನ ಫೋನು ಬಂತು. ಅಮ್ಮ, ನೀನು ಕೋಣೆ ಬಿಟ್ಟು ನಮ್ಮನೆಗೇ ಬಂದುಬಿಡು, ಮಗು ನಿನ್ನ ಕೈಯಲ್ಲಿದ್ದರೆ ನನ್ನ ಜೀವಕ್ಕೆ ನೆಮ್ಮದಿ ಎಂದಳು. ಗಿಣಿ ಕಿವಿಯ ಯಂತ್ರವನ್ನು ಒತ್ತಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಆ ಮನೆ ಅವಳಿಗೆ ಗೊತ್ತಿತ್ತು. ಕಿಟಕಿಗಳಿಗೆಲ್ಲ ಜಾಲರಿ, ಬಾಗಿಲಿಗೆ ಮಗು ತೆರೆಯದ ಹಾಗೆ ಎರಡು ಚಿಲಕ, ಕೆಳಗೆ ನೋಡಿದರೆ ಕಾರುಗಳ ನೆತ್ತಿ ಮಾತ್ರ, ಒಂದು ಮುಖವೂ ಕಾಣದು. ಎದುರಿನ ಕಿಟಕಿಯತ್ತ ನೋಡಿಕೊಂಡೇ ಗಿಣಿ ಹೇಳಿದಳು. ಬೇಡ ಕಣೇ, ವಾರಕ್ಕೆ ಮೂರು ದಿನ ಬಂದು ಹೋಗ್ತೀನಿ, ಮಲಗೋದು ಮಾತ್ರ ನನ್ನ ಕೋಣೇಲೇ, ನನ್ನನ್ನ ಇಲ್ಲಿಂದ ಕೀಳಬೇಡ. ಅಷ್ಟುದ್ದದ ಮಾತನ್ನು ಈ ಜನ್ಮದಲ್ಲಿ ಮಗಳ ಹತ್ತಿರ ಆಡಿದ್ದೇ ಇಲ್ಲವೇನೋ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಗಳು, "ಸರಿಯಮ್ಮ ಹಾಗಾದ್ರೆ," ಎಂದಳು. ಅವಳ ದನಿಯಲ್ಲಿ ಅಳು ಬೆರೆತಿತ್ತು. ಹೇಳಿಬಿಟ್ಟೆನಲ್ಲ, ಅವಳೂ ಒಪ್ಪಿದಳಲ್ಲ ಎಂದು ಗಿಣಿಯ ಎದೆ ಹಗುರಾಯಿತು.

ಅದರ ಮುಂದಿನ ವಾರವೇ ಅಳಿಯ ಟಿಕೆಟ್ ತಂದದ್ದು. ಆ ನಾಲ್ವರು ಇಷ್ಟು ವರ್ಷದ ಮೇಲೆ ಮತ್ತೆ ಒಟ್ಟಾಗಿ ಹಾಡುತ್ತಾರಂತೆ. ಶನಿವಾರ ಮಧ್ಯಾಹ್ನದ ಕಾರ್ಯಕ್ರಮ. ಅವರಿಗೂ ಈಗ ಬೇಗ ಮಲಗಬೇಕಲ್ಲ ಎಂದು ಅಳಿಯ ನಗಾಡಿದ. ತಾಯಿ ಮಗಳು ಹೋಗಿ ಬನ್ನಿ, ಮಗುವನ್ನು ನಾನು ನೋಡಿಕೊಳ್ತೀನಿ ಎಂದ. ಮಗಳು ತನ್ನ ಮೇಲೆ ಮುನಿಸಿಕೊಂಡಿಲ್ಲ ಎಂದು ಗಿಣಿ ಆ ಟಿಕೆಟಿನಿಂದ ತಿಳಿದುಕೊಂಡಳು.

ಸಭಾಂಗಣದ ತುಂಬ ನರೆತ ತಲೆಗಳು. ಊರುಗೋಲುಗಳನ್ನು ಕುರ್ಚಿಯ ಕೆಳಗೆ ತುರುಕಿ, ಕನ್ನಡಕ ಒರೆಸಿಕೊಂಡು, ಹದಿನಾರರ ಹುಡುಗಿಯರ ಹಾಗೆ ಕಿಚಕಿಚ ಎನ್ನುತ್ತಿದ್ದರು. ಗಿಣಿ ಕಿವಿಯ ಯಂತ್ರ ತೆಗೆದು ಕೈಚೀಲದಲ್ಲಿ ಹಾಕಿಕೊಂಡಳು. ಅಂಥ ಗದ್ದಲದಲ್ಲಿ ಅದು ಬರೀ ಗೊರಗುಟ್ಟುತ್ತದೆ. ಡ್ರಮ್ಮಿನ ಏಟು ನೆಲದಿಂದ ಅಂಗಾಲಿಗೆ, ಅಲ್ಲಿಂದ ಎದೆಗೆ ಏರುತ್ತಿತ್ತು. ವೇದಿಕೆಯ ಹಿಂದೆ ದೊಡ್ಡ ಪರದೆ, ಅದರ ಮೇಲೆ ಗುಂಗುರುವಿನ ಮುಖ ಮನೆಯಷ್ಟು ಅಗಲ. ಗುಂಗುರು ಎನ್ನಲು ತಲೆಯ ಮೇಲೆ ಏನೂ ಉಳಿದಿರಲಿಲ್ಲ. ಆದರೂ ಮೊದಲ ಸಾಲಿಗೆ ಅವನ ತುಟಿ ತೆರೆದದ್ದೇ ಗಿಣಿಯ ಕಣ್ಣು ತುಂಬಿತು. ಅವಳೂ ತುಟಿ ಸೇರಿಸಿದಳು. ಮಗಳು ಒಂದು ಕೈಯಲ್ಲಿ ಅಮ್ಮನ ಕೈ ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದಿದ್ದಳು. ಮನೆಯ ತೊಟ್ಟಿಲ ಮೇಲೆ ಕ್ಯಾಮೆರಾ ಇತ್ತು. ನಿಮಿಷಕ್ಕೊಮ್ಮೆ ಆ ಪುಟ್ಟ ಬೆಳಕಿನ ಕಡೆಗೆ ಅವಳ ಕತ್ತು ವಾಲುತ್ತಿತ್ತು.

ಅರ್ಧ ಕಾರ್ಯಕ್ರಮ ಮುಗಿದು ದೀಪ ಹತ್ತಿದಾಗ ಮಗಳು ಅಮ್ಮನ ಕಡೆ ತಿರುಗಿ, ಕಾಣಿಸುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಕೆಳಗಿನ ಮನೆಯೊಡತಿ ಪಾಪ ಒಳ್ಳೆಯವರು, ನಿನ್ನ ಕೋಣೆಯ ಬಾಡಿಗೆಗೆ ಆಗಲೇ ಯಾರೋ ನರ್ಸನ್ನು ಹುಡುಕಿದ್ದಾರೆ. ನಾಳೆ ನಮ್ಮನೆಯವರು ಗಾಡಿ ತರ್ತಾರೆ, ಸಾಮಾನೇನು, ಒಂದೇ ಸಲಕ್ಕೆ ಆಗುತ್ತೆ. ಮಂಚ ಮಾತ್ರ ಅಲ್ಲೇ ಬಿಡೋಣ, ನಮ್ಮ ಲಿಫ್ಟಿನಲ್ಲಿ ಹಿಡಿಸಲ್ಲ.

ಗಿಣಿ ಅವಳ ತುಟಿಯನ್ನೇ ನೋಡುತ್ತಾ ಕೂತಳು. ಓದಿದ್ದು ತಪ್ಪಿರಬಹುದು ಎಂದು ಒಮ್ಮೆ ಅನ್ನಿಸಿತು. ಜೀವಮಾನದಲ್ಲಿ ಅವಳು ತುಟಿಯನ್ನು ತಪ್ಪು ಓದಿದವಳಲ್ಲ. ಬಾಯಿ ತೆರೆಯುವಷ್ಟರಲ್ಲಿ ದೀಪ ಆರಿತು.

ಆಮೇಲೆ ಅವಳಿಗೆ ಹಾಡು ಹತ್ತಲಿಲ್ಲ. ಕುರ್ಚಿಗಳ ಸಾಲು ಇಕ್ಕಟ್ಟು, ಮೊಣಕಾಲು ಮುಂದಿನ ಕುರ್ಚಿಗೆ ತಾಗುತ್ತಿತ್ತು. ಎದ್ದು ಹೋಗಬೇಕೆಂದರೆ ಇಡೀ ಸಾಲು ಏಳಬೇಕು. ಪರದೆಯ ಮೇಲೆ ಒಂದು ಹಾಡು ಮುಗಿದು ಚಪ್ಪಾಳೆ ಬೀಳುತ್ತಿದ್ದಾಗ ಗುಂಗುರು ಮೈಕನ್ನು ಎದೆಗೊತ್ತಿಕೊಂಡು ಏಣಿಯ ಕಡೆಗೆ ವಾಲಿದ. ಗಿಣಿಗೆ ಅವನ ತುಟಿ ನಿಚ್ಚಳವಾಗಿ ಕಂಡಿತು. ಸಾಕು ಮಾರಾಯ, ನನ್ನ ಕೈಲಿ ಆಗ್ತಿಲ್ಲ, ಮನೆಗೆ ಕಳಿಸು ಎಂದ. ಏಣಿ ನಗುಮುಖದಲ್ಲೇ ಉತ್ತರ ಕೊಟ್ಟ. ಇನ್ನೂ ನಾಲ್ಕಿದೆ, ಜನ ನೋಡ್ತಿದ್ದಾರೆ, ನಗು. ಗುಂಗುರು ನಕ್ಕ. ಸಭೆ ಕುಣಿದೆದ್ದಿತು. ಮಗಳೂ ಎದ್ದು ನಿಂತು ಒನ್ಸ್ ಮೋರ್ ಎಂದು ಕೂಗುತ್ತಿದ್ದಳು. ತಿಂಗಳುಗಳ ಮೇಲೆ ಅವಳ ಮುಖದಲ್ಲಿ ಕಳೆ ಇತ್ತು.

ಗಿಣಿಯೂ ಎದ್ದಳು. ಮಗಳ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು, ಚಿಕ್ಕಂದಿನಲ್ಲಿ ಮೂಗು ಒರೆಸುವಾಗ ಹಿಡಿಯುತ್ತಿದ್ದ ಹಾಗೆ.

"ನಾನು ಬರಲ್ಲ ಅಂದಿದ್ದೆ," ಎಂದಳು.

ಅಷ್ಟು ಗದ್ದಲದಲ್ಲೂ ಮಗಳು ಓದಿಕೊಂಡಳು. ಯಾವಾಗ ಎಂದಳು. ಫೋನಿನಲ್ಲಿ ಎಂದಳು ಗಿಣಿ. ಮಗಳಿಗೆ ಆಗ ಹೊಳೆಯಿತು. ಕೈ ಬಾಯಿಗೆ ಹೋಯಿತು.

"ಅಮ್ಮಾ, ಫೋನಲ್ಲಿ ತುಟಿ ಕಾಣುತ್ತಾ?"

ಗಿಣಿಯ ಕೈ ಮಗಳ ಗದ್ದದಿಂದ ಜಾರಿತು. ಅಕ್ಕಪಕ್ಕದವರು ಕೈಯೆತ್ತಿ ತೂಗಾಡುತ್ತಿದ್ದರು, ಇವರಿಬ್ಬರ ಭುಜಕ್ಕೂ ಅವರ ತೋಳು ತಾಗುತ್ತಿತ್ತು. ನೀನು ಸುಮ್ಮನಿದ್ದೆ, ಅಳ್ತಿದ್ದೀಯ ಅಂದ್ಕೊಂಡೆ, ಒಪ್ಪಿಕೊಂಡೆ ಅಂದ್ಕೊಂಡೆ ಎಂದಳು ಮಗಳು. ಕೋಣೆ ಬೇರೆಯವರಿಗೆ ಹೋಗಾಯ್ತಮ್ಮ, ನಾನೇ ನಿಂತು ಮಾತು ಕೊಟ್ಟು ಬಂದಿದ್ದೀನಿ. ಸೋಮವಾರ ನಾನು ಆಫೀಸಿಗೆ ಹೋಗಲೇಬೇಕು. "ಮಗೂನ ಯಾರ ಕೈಗೆ ಕೊಡ್ಲಿ, ನೀನೇ ಹೇಳು."

ಬೇರೆ ಕೋಣೆ ನೋಡ್ಕೋತೀನಿ ಎಂದಳು ಗಿಣಿ. ನೋಡೋಣ, ಖಂಡಿತ ನೋಡೋಣ, ಅಲ್ಲಿವರೆಗೆ... ಎಂದಳು ಮಗಳು. ಆ ಬೀದಿಯಲ್ಲಿ ಖಾಲಿ ಕೋಣೆ ಸಿಗುವುದು ಯಾರಾದರೂ ಸತ್ತರೆ ಮಾತ್ರ ಎಂಬುದು ಇಬ್ಬರಿಗೂ ಗೊತ್ತಿತ್ತು. ಗಿಣಿ ಮಗಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದಳು.

"ಅಲ್ಲಿವರೆಗೆ ಇರ್ತೀನಿ," ಎಂದಳು.

ಅಷ್ಟರಲ್ಲಿ ಮಗಳ ಕೈಯ ಫೋನು ಬೆಳಗಿತು. ತೊಟ್ಟಿಲಲ್ಲಿ ಮಗು ಎದ್ದು ಕೂತು, ಬಾಯಿ ಇಷ್ಟಗಲ ಮಾಡಿ ಅಳುತ್ತಿತ್ತು. ಅಳಿಯ ಎತ್ತಿಕೊಂಡರೂ ಹಿಂದಕ್ಕೆ ಬಾಗಿ ಬಾಗಿ ಕಿರುಚುತ್ತಿತ್ತು. ಮಗಳ ಮುಖದ ಕಳೆ ಅಲ್ಲಿಗೆ ಇಳಿಯಿತು. ಸಾಲಿನವರನ್ನೆಲ್ಲ ಎಬ್ಬಿಸಿ, ಕಾಲು ತುಳಿದು, ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ಹೊರಬಿದ್ದರು. ಗಿಣಿ ಮೆಟ್ಟಿಲ ಮೇಲೆ ಹಿಂದೆ ತಿರುಗಿ ಪರದೆಯ ಕಡೆ ನೋಡಲು ಹೋಗಿ ಮುಗ್ಗರಿಸಿದಳು. ಮಗಳು ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಮನೆಯ ಬಾಗಿಲು ತೆಗೆಯುವಾಗ ಹೊರಗಿನ್ನೂ ಬಿಸಿಲಿತ್ತು. ಅಳಿಯನ ಅಂಗಿಯ ತುಂಬ ಜೊಲ್ಲು, ಕಣ್ಣೀರು. ಮಗಳು ಓಡಿಬಂದು ಕೈ ಚಾಚಿದಳು, ಮಗು ಅವಳನ್ನು ಬಿಟ್ಟು ಅಜ್ಜಿಯ ಕಡೆಗೆ ಬಾಗಿತು. ಗಿಣಿ ಎತ್ತಿಕೊಂಡಳು. ಎರಡು ಬಿಕ್ಕು ಬಿಕ್ಕಿ, ಅವಳ ಮೇಲಂಗಿಯ ಕೊರಳಪಟ್ಟಿಯನ್ನು ಎರಡು ಮುಷ್ಟಿಯಲ್ಲೂ ಹಿಡಿದು ಮಗು ಸುಮ್ಮನಾಯಿತು. "ನೋಡಿದ್ಯಾ," ಎಂದಳು ಮಗಳು. ಬಾಗಿಲಿಗೆ ಮೇಲಿನ ಚಿಲಕ ಹಾಕಿದಳು, ಕೆಳಗಿನದನ್ನೂ ಹಾಕಿ, ಗೋಡೆಗೊರಗಿ ಅಲ್ಲೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು.

ಗಿಣಿ ಮಗುವನ್ನು ತೊಟ್ಟಿಲಿಗೆ ಇಳಿಸಲು ನೋಡಿದಳು. ಬೆನ್ನು ಹಾಸಿಗೆಗೆ ತಾಗಿದ್ದೇ ಅದು ಚೀರಿಕೊಂಡಿತು. ಮತ್ತೆ ಎತ್ತಿಕೊಂಡಳು. ಇನ್ನೊಮ್ಮೆ ನೋಡಿದಳು, ಮತ್ತೆ ಅದೇ. ಮೇಲಂಗಿ ಬಿಚ್ಚಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಚಪ್ಪಲಿ ಕಾಲಲ್ಲೇ, ಕೈಚೀಲ ಮೊಣಕೈಯಲ್ಲೇ ಇತ್ತು. ಜಾಲರಿಯ ಕಿಟಕಿಯ ಹತ್ತಿರ ನಿಂತು, ಮಗುವಿನ ಬೆನ್ನು ತಟ್ಟುತ್ತಾ, ಅವಳು ಕೆಳಗಿನ ಕಾರುಗಳ ನೆತ್ತಿ ನೋಡತೊಡಗಿದಳು.