ದೊಡ್ಡಮ್ಮನ ಶುಗರ್ ಪುಡಿ

ಅಮ್ಮನಿಗೆ ಶುಗರ್ ಇದೆ ಎಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅತ್ತವಳು ಭದ್ರಾವತಿಯ ಜನ್ನಾಪುರದ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ. ಅವಳಿಗೆ ಅದಾಗಲೇ ಕೆಲವು ವರ್ಷಗಳಿಂದ ಶುಗರ್ ಇತ್ತು, ಮಾತ್ರೆ ನುಂಗುತ್ತಿದ್ದಳು. ತಂಗಿಯೂ ತನ್ನ ಪಕ್ಕ ಬಂದು ಕೂತಳಲ್ಲ ಎಂದು ಫೋನಿನಲ್ಲಿ ಮನಸಾರೆ ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಹೆದರ್ಬೇಡ ಕಣೇ, ನಾನಿದೀನಲ್ಲ. ಒಂದು ಪುಡಿ ಮಾಡಿ ಕಳಿಸ್ತೀನಿ" ಎಂದಳು.

ನಾನು ಆಗ ಶಿವಮೊಗ್ಗದಿಂದ ಭದ್ರಾವತಿಯ ಆಫೀಸಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಹಾಗಾಗಿ ಪುಡಿ ತರುವ ಕೆಲಸ ನನ್ನ ತಲೆಗೆ ಬಿತ್ತು. ತಿಂಗಳಿಗೊಮ್ಮೆ ಆಫೀಸು ಮುಗಿಸಿ ಜನ್ನಾಪುರಕ್ಕೆ ಹೋಗುವುದು, ದೊಡ್ಡಮ್ಮ ಬಾಟಲಿ ತುಂಬಿಸುವವರೆಗೆ ಅವಳ ಅಡುಗೆಮನೆಯ ಮಣೆಯ ಮೇಲೆ ಕೂತು ಕಾಫಿ ಕುಡಿಯುವುದು. ಮನೆ ತುಂಬ ಜನವಿದ್ದರೂ ಆ ಹೊತ್ತಿನಲ್ಲಿ ಸೊಸೆಯನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ.

ಪುಡಿಯಲ್ಲಿ ಮಹಾ ಗುಟ್ಟೇನೂ ಇರಲಿಲ್ಲ. ಮೆಂತ್ಯ, ಜೀರಿಗೆ, ಚೂರು ಚಕ್ಕೆ, ನೆರಳಲ್ಲಿ ಒಣಗಿಸಿದ ಕರಿಬೇವು, ಕಾಲಕ್ಕೆ ಸಿಕ್ಕರೆ ನೇರಳೆ ಬೀಜ. ಇವಿಷ್ಟೂ ಎಲ್ಲರ ಮನೆಯಲ್ಲೂ ಇರುವಂಥವೇ. ಆದರೆ ಮೆಂತ್ಯ ಹುರಿಯುವುದಿದೆಯಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ದೊಡ್ಡಮ್ಮ ಮೊದಲು ಅದನ್ನು ಮೊರದಲ್ಲಿ ಕೇರಿ, ಬೆಳಕಿಗೆ ಹಿಡಿದು ಒಂದೊಂದೇ ಕಲ್ಲು ಆರಿಸುತ್ತಿದ್ದಳು. ಆಮೇಲೆ ಕಬ್ಬಿಣದ ಬಾಣಲೆ, ಸಣ್ಣ ಉರಿ. "ಬಣ್ಣ ನೋಡ್ತಾನೇ ಇರ್ಬೇಕು ಮಾರಾಯ್ತಿ. ಇಟ್ಟಿಗೆ ಬಣ್ಣ ಬಂದ ಕೂಡ್ಲೆ ಇಳಿಸ್ಬೇಕು. ಆ ಕಡೆ ಈ ಕಡೆ ನೋಡಿದ್ಯೋ, ಕೆಟ್ಟಿತು" ಎನ್ನುತ್ತಿದ್ದಳು. ನಾನು ಮಾತಾಡಿಸಿದರೂ ಬಾಣಲೆಯಿಂದ ಕಣ್ಣು ಕೀಳುತ್ತಿರಲಿಲ್ಲ. ವಾಪಸು ಬರುವಾಗ ಬಾಟಲಿಯ ಮುಚ್ಚಳ ಎಷ್ಟು ಬಿಗಿದಿದ್ದರೂ ಬಸ್ಸೆಲ್ಲ ಮೆಂತ್ಯದ ವಾಸನೆ.

ಅಮ್ಮ ಬೆಳಿಗ್ಗೆ ಆ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ, ಮುಖ ಕಿವುಚಿ ಕುಡಿಯುತ್ತಿದ್ದಳು. ತಿಂಡಿಯ ಜೊತೆ ಡಾಕ್ಟರು ಬರೆದ ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಳು. ಸಂಜೆ ವಾಕಿಂಗ್, ರಾತ್ರಿ ಅನ್ನ ಬಿಟ್ಟು ರಾಗಿ ಮುದ್ದೆ. ಸ್ವಲ್ಪ ಕಾಲದಲ್ಲೇ ಶುಗರ್ ಹಿಡಿತಕ್ಕೆ ಬಂತು. ಯಾವುದರಿಂದ ಎಷ್ಟು ಇಳಿಯಿತು ಎಂದು ಯಾರಿಗೆ ಗೊತ್ತು? ಡಾಕ್ಟರು ಮಾತ್ರ, "ಮೆಂತ್ಯ ಒಳ್ಳೇದೇ, ತಗೊಳ್ಳಿ. ಅದು ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ" ಎಂದು ಬಿಡಿಸಿ ಹೇಳಿದ್ದರು. ಅಮ್ಮ ತಲೆಯಾಡಿಸಿ ಬಂದು, ಮನೆಗೆ ಕಾಲಿಟ್ಟವಳೇ ಅಕ್ಕನಿಗೆ ಫೋನ್ ಮಾಡಿದಳು.

"ಎಲ್ಲಾ ನಿನ್ನ ಕೈಗುಣ ಕಣಕ್ಕಾ. ಶುಗರ್ ಪೂರ್ತಿ ಇಳಿದಿದೆ."

ನಮ್ಮಲ್ಲಿ ಇದೊಂದು ರೂಢಿ. ಮನೆಮದ್ದು ಕೊಟ್ಟವರಿಗೆ ದುಡ್ಡು ಕೊಡುವಂತಿಲ್ಲ, ಥ್ಯಾಂಕ್ಸ್ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕೊಡಬಹುದಾದ್ದು ಹೆಸರೊಂದೇ. ವಾಸಿಯಾಯಿತೆಂದರೆ ಅದು ಕೊಟ್ಟವರ ಕೈಗುಣ. ಅದರ ಜೊತೆಗೆ ಮಾತ್ರೆಯ ಮಾತು ತೆಗೆಯುವುದು ಉಣ್ಣಲು ಕೂತು, ಬಡಿಸಿದವರ ಎದುರಿಗೇ ಪಕ್ಕದ ಮನೆಯ ಸಾರನ್ನು ಹೊಗಳಿದಷ್ಟು ಒರಟು. ಅಮ್ಮ ಮರ್ಯಾದಸ್ಥೆ, ಅಂಥ ಒರಟುತನ ಅವಳಿಗೆ ಗೊತ್ತಿಲ್ಲ. ತಿಂಗಳು ತಿಂಗಳೂ ಪುಡಿ ಬಂತು, ತಿಂಗಳು ತಿಂಗಳೂ ಹೊಗಳಿಕೆ ಹೋಯಿತು. ಎರಡನ್ನೂ ಹೊತ್ತವಳು ನಾನೇ.

ಒಂದು ಸಂಜೆ ನಾನು ಅಲ್ಲಿದ್ದಾಗ, ಪಕ್ಕದ ಮನೆಯ ತಮಿಳು ಹೆಂಗಸು ಪುಡಿ ಕೇಳಿಕೊಂಡು ಬಂದಿದ್ದರು. ದೊಡ್ಡಮ್ಮ ಪೊಟ್ಟಣ ಕಟ್ಟುತ್ತಾ, "ನನ್ನ ತಂಗಿಗೆ ಬರೀ ಇದ್ರಲ್ಲೇ ಕಂಟ್ರೋಲಿಗೆ ಬಂತು, ಬೇಕಾದ್ರೆ ಇವಳನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದಳು. ನಾನು ನಕ್ಕೆ. ಆಕೆ ಅದನ್ನು ಹೌದು ಎಂದೇ ತಿಳಿದುಕೊಂಡಿರಬೇಕು. ಮನೆಗೆ ಬಂದು ಹೇಳಿದರೆ ಅಮ್ಮನಿಗೂ ನಗು. "ಹೇಳ್ಕೊಳ್ಳಲಿ ಬಿಡೇ, ಅವಳಿಗೊಂದು ಖುಷಿ."

ಆ ದಿನ ನಾವಿಬ್ಬರೂ ನಗಬಾರದಿತ್ತು.

ಆಮೇಲೆ ಒಂದು ತಿಂಗಳು ಅಮ್ಮ ಮಜ್ಜಿಗೆ ಕುಡಿಯುವಾಗ ಹಲ್ಲಿಗೆ ಕಿರಕ್ ಎಂದಿತು. ಪುಡಿಯಲ್ಲಿ ಕಲ್ಲು! ದೊಡ್ಡಮ್ಮನ ಪುಡಿಯಲ್ಲಿ ಕಲ್ಲೆಂದರೆ ನಂಬುವ ಮಾತಲ್ಲ. ಅಂಗಡಿಯವನು ಕೆಟ್ಟ ಮೆಂತ್ಯ ಕೊಟ್ಟಿದ್ದಾನೆ ಎಂದು ಅವನನ್ನು ಬೈದು ಸುಮ್ಮನಾದೆವು. ಮುಂದಿನ ಸಲದ ಪುಡಿ ಕಪ್ಪಗಿತ್ತು, ಬರೀ ಸುಟ್ಟ ಕಹಿ. ಅಮ್ಮ ಅದನ್ನೂ ಕುಡಿದಳು, ಫೋನಿನಲ್ಲಿ ಚೆನ್ನಾಗಿದೆ ಎಂದಳು. ನಾನು, "ಸೀದಿದೆ ಅಂತ ಹೇಳೋಕೇನಮ್ಮ?" ಎಂದು ರೇಗಿದೆ. "ಮನಸ್ಸಿಗೆ ಹಚ್ಕೊಳ್ತಾಳೆ, ಸುಮ್ನಿರು" ಎಂದಳು.

ಅದರ ಮುಂದಿನ ತಿಂಗಳು ದೊಡ್ಡಮ್ಮ ನನಗೆ ಕಾಫಿ ಬಗ್ಗಿಸಿದಳು. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಲೋಟ ನನ್ನ ಕಡೆ ಚಾಚಿ, ನಾನು ಕೂತ ಮಣೆಯ ಪಕ್ಕದ ಖಾಲಿ ಜಾಗವನ್ನು ನೋಡಿಕೊಂಡು, "ತಗೋ, ಆರೋಗತ್ತೆ" ಎಂದಳು. ನಾನೇ ಕೈ ಚಾಚಿ ಲೋಟ ತೆಗೆದುಕೊಂಡೆ.

ಶಿವಮೊಗ್ಗಕ್ಕೆ ಕರೆದುಕೊಂಡು ಬಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿ, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರು. ದೊಡ್ಡಮ್ಮ ತಡಕಾಡಿ ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಮಾತ್ರೆ ಬಿಟ್ಟು ವರ್ಷದ ಮೇಲಾಯ್ತು ಡಾಕ್ಟ್ರೇ. ಇದೇ ಸಾಕು. ನನ್ನ ತಂಗಿಗೆ ಇದ್ರಲ್ಲೇ ಇಳಿದಿದೆ." ಹಾಗೆನ್ನುವಾಗ ಅವಳ ಮುಖದಲ್ಲಿ ಎಂಥ ಹೆಮ್ಮೆ! ಡಾಕ್ಟರು ಅಮ್ಮನ ಕಡೆ ನೋಡಿದರು. ಅಮ್ಮ ಸೆರಗಿನ ತುದಿ ನೋಡುತ್ತಾ ಕೂತಿದ್ದಳು. ಕಣ್ಣಿನ ಒಳಪರದೆಯಲ್ಲಿ ರಕ್ತ ಸೋರಿದೆ, ಲೇಸರ್ ಮಾಡಿ ಇರುವಷ್ಟನ್ನು ಉಳಿಸಿಕೊಳ್ಳಬಹುದು, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಮೆಂತ್ಯದ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಬೈಯಲು ಏನಾದರೂ ಸಿಗುತ್ತಿತ್ತು. ಪಾಪ, ಮೆಂತ್ಯ ಏನು ಮಾಡಿತ್ತು?

ಆ ಸಂಜೆ ನಮ್ಮ ಮನೆಯಲ್ಲಿ ಇಬ್ಬರೂ ಮಂಚದ ಮೇಲೆ ಪಕ್ಕಪಕ್ಕ ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ದೀಪ ಹಾಕಿದ್ದೆ, ದೊಡ್ಡಮ್ಮ ಮಾತ್ರ, "ಲೈಟ್ ಹಾಕೇ" ಎಂದಳು. ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕ, ನಾನು ಮಾತ್ರೆ ತಗೊಳ್ತಿದ್ದೆ. ಮೊದ್ಲಿಂದಾನೂ."

ದೊಡ್ಡಮ್ಮ ಕೇಳಿದ್ದು ಕಣ್ಣಿನ ವಿಷಯವಲ್ಲ. "ಹಂಗಾದ್ರೆ ನನ್ನ ಪುಡಿ ಏನ್ಮಾಡ್ತಿದ್ದೆ? ಚೆಲ್ತಿದ್ಯಾ?"

"ಇಲ್ಲಕ್ಕಾ, ನಿನ್ನಾಣೆ. ದಿನಾ ಕುಡಿದೆ. ಸೀದಿದ್ದನ್ನೂ ಕುಡಿದೆ. ಎರಡೂ ತಗೊಳ್ತಿದ್ದೆ."

ದೊಡ್ಡಮ್ಮ ಕೈ ಚಾಚಿ ಹುಡುಕಿ ಅಮ್ಮನ ಮೊಣಕಾಲು ಮುಟ್ಟಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಎರಡೂ ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ? ಹೇಳಿದ್ದಿದ್ರೆ ನಾನೂ ಎರಡೂ ತಗೊಳ್ತಿದ್ದೆ."